ಲಿಯೋನ್‌ನ ಈರುಳ್ಳಿ ಸೂಪು: ಸಸ್ಯಾಹಾರಿಗಳನ್ನು ಕರೆದುಕೊಂಡು ಹೋಗುವವರು ಓದಿ

ಕಳೆದ ಜೂನ್‌ನಲ್ಲಿ ಫ್ರಾನ್ಸಿನ ಲಿಯೋನ್‌ನಲ್ಲಿ ಒಂದು ಬಿಸ್ಟ್ರೋದಲ್ಲಿ, ಅಂದರೆ ಸಣ್ಣ ಊಟದ ಹೋಟೆಲಿನಲ್ಲಿ, ಕೂತು ನಮ್ಮತ್ತೆ ಅರ್ಧ ಬಟ್ಟಲು ದನದ ಮೂಳೆ ಬೇಯಿಸಿದ ಸಾರು ಕುಡಿದರು. ಎಪ್ಪತ್ತೊಂದು ವರ್ಷದಲ್ಲಿ ಮೊಟ್ಟೆ ಹಾಕಿದ ಕೇಕನ್ನೂ ಮುಟ್ಟದ ಹೆಂಗಸು. ಕುಡಿಸಿದವಳು ನಾನು.

ಜಿನೀವಾದಲ್ಲಿರುವ ನಾದಿನಿ ಮನೆಯಿಂದ ಲಿಯೋನ್‌ಗೆ ರೈಲಿನಲ್ಲಿ ಎರಡು ಗಂಟೆ. ಬೆಳಿಗ್ಗೆ ಹೋಗಿ ರಾತ್ರಿ ವಾಪಸ್ ಬರುವ ಲೆಕ್ಕ. ಅವತ್ತು ಭಾನುವಾರ, ಮೊದಲ ತಪ್ಪು ಅದೇ. ಅಲ್ಲಿ ಹಳೇ ಕಾಲದ ಬಿಸ್ಟ್ರೋಗೆ 'ಬುಶೋಂ' ಅನ್ನುತ್ತಾರೆ. ಊರಿನವರು ಹೋಗುವ ಬುಶೋಂಗಳಲ್ಲಿ ಹಲವು ಭಾನುವಾರ ಮುಚ್ಚಿರುತ್ತವೆ. ಸೋನ್ ನದಿ ದಾಟಿ ಹಳೇ ಊರಿಗೆ ಹೋದರೆ, ಕಲ್ಲು ಹಾಸಿದ ಓಣಿಯಲ್ಲಿ ಪ್ರವಾಸಿಗರಿಗಾಗಿಯೇ ತೆರೆದುಕೊಂಡಿರುವವು ಸಾಲಾಗಿ ಸಿಗುತ್ತವೆ. ಒಂದರ ಬಾಗಿಲಲ್ಲಿ ನಿಂತಿದ್ದವನು ಅತ್ತೆಯ ಸೀರೆ ನೋಡಿ "ನಮಸ್ತೇ" ಅಂದ. ಮೆಜೆಸ್ಟಿಕ್‌ನಲ್ಲಿ ಯಾರಾದರೂ ಹೀಗೆ ಬಾಗಿಲಲ್ಲಿ ನಿಂತು ಕರೆದರೆ ನಾವು ತಿರುಗಿಯೂ ನೋಡುವುದಿಲ್ಲ. ಅಲ್ಲಿ ಮಾತ್ರ ಹಲ್ಲು ಕಿರಿಯುತ್ತಾ ಒಳಗೆ ಹೋದೆವು. ಕೆಂಪು ಚೌಕುಳಿಯ ಮೇಜುಬಟ್ಟೆ, ಗೋಡೆ ತುಂಬ ತಾಮ್ರದ ಪಾತ್ರೆ, ಹೊರಗೆ ಕಪ್ಪುಹಲಗೆಯ ಮೇಲೆ ಸೀಮೆಸುಣ್ಣದಲ್ಲಿ 19 ಯೂರೋ ಊಟ. ಅದರ ಕೆಳಗೇ ಸಣ್ಣಕ್ಷರದಲ್ಲಿ 'ಸೋಮವಾರದಿಂದ ಶುಕ್ರವಾರ, ಮಧ್ಯಾಹ್ನ ಮಾತ್ರ' ಎಂದು ಫ್ರೆಂಚಿನಲ್ಲಿ ಬರೆದಿತ್ತಂತೆ. ಅದು ಗೊತ್ತಾಗಿದ್ದು ಕೂತ ಮೇಲೆ. ಎದ್ದು ಬರಬಹುದಿತ್ತು. ಸಂಕೋಚ, ಬರಲಿಲ್ಲ.

ಅತ್ತೆಗೆಂದು ಈರುಳ್ಳಿ ಸೂಪು ಹೇಳುವ ಮುಂಚೆ ಮಾಂಸ ಇಲ್ಲವಲ್ಲ, ಮೀನು ಇಲ್ಲವಲ್ಲ, ಮೊಟ್ಟೆ ಇಲ್ಲವಲ್ಲ ಅಂತ ಬಡಿಸುವವನನ್ನು ಮೂರು ಸಲ ಇಂಗ್ಲಿಷಿನಲ್ಲಿ ಕೇಳಿದೆ. "ನೋ ಮೀಟ್ ಮೇಡಂ. ಆನಿಯನ್, ಚೀಸ್, ಬ್ರೆಡ್" ಅಂದ. ಮಣ್ಣಿನ ಬಟ್ಟಲು ಬಂತು. ಮೇಲೆ ಕೆಂಪಗೆ ಸುಟ್ಟ ಚೀಸಿನ ಮುಚ್ಚಳ. ಅತ್ತೆ ಚಮಚದಲ್ಲಿ ಅದನ್ನು ಒಡೆದಾಗ ಹಬೆ ಎದ್ದು, ಕೆಳಗೆ ಹುರುಳಿ ಕಟ್ಟಿನ ಬಣ್ಣದ ರಸ ಕಾಣಿಸಿತು. "ಕಟ್ಟಿನ ಸಾರಿನ ಹಾಗೇ ಇದೆ ಕಣಮ್ಮ, ಆದ್ರೆ ಅದೇನೋ ಜಿಡ್ಡು" ಅಂದರು. ಚೀಸಿನದು ಅತ್ತೆ, ಕುಡೀರಿ ಅಂದೆ. ಆರುತ್ತಾ ಬಂದಂತೆ ಬಟ್ಟಲಿನ ಅಂಚಿನಲ್ಲಿ ತೆಳ್ಳಗೆ ಅಂಟು ಕಟ್ಟಿತ್ತು. ಬೆರಳಿಗೆ ಹತ್ತಿತು. ಆಗಲಾದರೂ ನನಗೆ ಹೊಳೆಯಬೇಕಿತ್ತು.

ನಮ್ಮವರದು ಬೇರೆ ಕಥೆ. ಹೊರಗೆ ಮಾಂಸ ತಿನ್ನುವವರು. ಇಂಗ್ಲಿಷ್ ಮೆನು ಕಾರ್ಡಿನಲ್ಲಿ 'ಲಿಯೋನ್ ಸಾಸೇಜ್' ಎಂದಿತ್ತು, ಪಕ್ಕದಲ್ಲಿ ಐದು ಎ. ದುಡ್ಡು ಹಾಕುವ ಟ್ರಿಪಲ್ ಎ ದರ್ಜೆಯ ಬಾಂಡಿಗಿಂತ ಮೇಲು ಅಂದುಕೊಂಡು ತರಿಸಿದರು. ಅದು ಆಂದುಯೆತ್. ಹಂದಿಯ ಕರುಳನ್ನು ಸೀಳಿ, ಸುತ್ತಿ, ಕರುಳಿನಲ್ಲೇ ತುಂಬಿದ್ದು. ಚಾಕು ಹಾಕುತ್ತಲೇ ಸುರುಳಿ ಬಿಚ್ಚಿಕೊಂಡು ದನದ ಕೊಟ್ಟಿಗೆಯ ವಾಸನೆ ಬಂತು. ಇದರಲ್ಲಿ ಮೋಸವಿಲ್ಲ, ಅದರ ಅಭಿಮಾನಿಗಳದ್ದೇ ಒಂದು ಸಂಘವಿದೆ, ಐದು ಎ ಅದರ ಮುದ್ರೆ. ಆದರೆ ಬರೀ 'ಸಾಸೇಜ್' ಎಂದು ಬರೆದವನು ಏನು ಬಚ್ಚಿಡುತ್ತಿದ್ದೇನೆಂದು ಚೆನ್ನಾಗಿ ಬಲ್ಲ.

ಸತ್ಯ ಹೇಳಿದ್ದು ತಟ್ಟೆ ಎತ್ತಲು ಬಂದ ಚಿಕ್ಕ ಹುಡುಗ. ಸೂಪಿನ ರಸ ಯಾವುದರದ್ದು ಎಂದು ಫೋನಿನಲ್ಲಿ ಅನುವಾದ ಮಾಡಿ ತೋರಿಸಿದಾಗ, ಇದೆಂಥ ಪ್ರಶ್ನೆ ಎಂಬಂತೆ ನೋಡಿ, "ಬುಯೋಂ ದ ಬಫ್, ಬಿಯಾಂ ಸ್ಯೂರ್" ಅಂದ. ದನದ ಮೂಳೆಯ ರಸ, ಮತ್ತೇನು! ಮೊದಲಿನವನು ಹೇಳಿದ್ದು ಅವನ ಲೆಕ್ಕದಲ್ಲಿ ಸುಳ್ಳಲ್ಲ, ಬಟ್ಟಲಿನಲ್ಲಿ ತುಂಡು ಇರಲಿಲ್ಲವಲ್ಲ. ಅತ್ತೆ ಏನೂ ಮಾತಾಡಲಿಲ್ಲ. ನೀರಿನ ಬಾಟಲಿ ಎತ್ತಿಕೊಂಡು ಹೊರಗೆ ಹೋಗಿ, ಚರಂಡಿ ಪಕ್ಕ ಬಗ್ಗಿ ಬಾಯಿ ಮುಕ್ಕಳಿಸಿದರು. ಆ ನೀರು ಬಾಟಲಿಗೆ 7 ಯೂರೋ.

ನೀರಿನ ವಿಷಯ ಬಂತಲ್ಲ, ಹೇಳಿಬಿಡುತ್ತೇನೆ. ನೀರು ಅಂದರೆ ಸಾಕು, ಬಾಟಲಿ ಮುಚ್ಚಳ ತೆಗೆದೇ ತಂದಿಡುತ್ತಾರೆ. 'ಕರಾಫ್ ದೋ' ಅನ್ನಿ, ಹೂಜಿಯಲ್ಲಿ ನಲ್ಲಿ ನೀರು ಬಿಟ್ಟಿ ಕೊಡಬೇಕು. 2022ರಿಂದ ಅದನ್ನು ಕಾಣುವ ಹಾಗೆ ಬರೆದೂ ಹಾಕಬೇಕೆಂದು ಕಾನೂನಿದೆ. ನಮ್ಮ ಮೇಜಿಗೆ ಎರಡು ಬಾಟಲಿ ಬಂದಿತ್ತು.

ಬಿಲ್ಲು 64 ಯೂರೋ. ಮೊದಲಿನವನೇ ಕಾರ್ಡ್ ಯಂತ್ರ ಹಿಡಿದು ಬಂದು "ಸರ್ವೀಸ್ ನಾಟ್ ಇನ್‌ಕ್ಲೂಡೆಡ್" ಅಂತ 15 ಪರ್ಸೆಂಟ್ ಒತ್ತಿದ. 73.60 ಆಯಿತು. ಮುಂದಿನ ಪರದೆಯಲ್ಲಿ ಯೂರೋ ಬೇಕಾ ರೂಪಾಯಿ ಬೇಕಾ ಎಂದು ಬಂತು. ಅದನ್ನೂ ಅವನೇ ರೂಪಾಯಿ ಎಂದು ಒತ್ತಿ ಕೊಟ್ಟ. ಫ್ರಾನ್ಸಿನಲ್ಲಿ ಮೆನು ಕಾರ್ಡಿನ ಮೇಲಿರುವ ಬೆಲೆಯಲ್ಲೇ ತೆರಿಗೆಯೂ ಸರ್ವೀಸೂ ಸೇರಿರುತ್ತದೆ, ಸೇರಿರಲೇಬೇಕು. ವಾಪಸ್ ರೈಲಿನಲ್ಲಿ ಬಿಲ್ಲು ಬಿಡಿಸಿ ನೋಡಿದರೆ ಕೆಳಗೆ ಅಚ್ಚಾಗಿಯೇ ಇದೆ: 'ಸೆರ್ವಿಸ್ ಕೋಂಪ್ರಿ', ಅಂದರೆ ಸರ್ವೀಸ್ ಸೇರಿದೆ. ಯಂತ್ರ ನಿಮ್ಮ ಕೈಗೇ ಬರಲಿ, ಯಾವಾಗಲೂ ಯೂರೋ ಒತ್ತಿ. ರೂಪಾಯಿ ಒತ್ತಿದರೆ ವಿನಿಮಯ ದರ ಯಂತ್ರದವರದು. ನಮಗೆ ಅದರಲ್ಲೇ ಸುಮಾರು 300 ರೂಪಾಯಿ ಹೋಯಿತು.

ಸಸ್ಯಾಹಾರಿಗಳೇ, ಮಾಂಸ ಇದೆಯಾ ಎಂದು ಕೇಳಿ ಪ್ರಯೋಜನವಿಲ್ಲ. 'ಬುಯೋಂ' (ಬೇಯಿಸಿದ ರಸ) ಯಾವುದರದ್ದು, 'ಲಾರ್ದೋಂ' ಇದೆಯಾ ಎಂದು ಕೇಳಿ. ಲಾರ್ದೋಂ ಅಂದರೆ ಹಂದಿಮಾಂಸದ ಸಣ್ಣ ತುಂಡು. ಲಿಯೋನ್ ಸಲಾಡಿನ ಸೊಪ್ಪಿನ ನಡುವೆ ಅದು ಇದ್ದೇ ಇರುತ್ತದೆ, ನನ್ನದರಲ್ಲಿ ತೆಗೆದು ಕೊಡಿ ಅಂದರೂ ನಾಲ್ಕು ಉಳಿದಿತ್ತು. ಚೀಸಿಗೆ ಹಾಕುವ ಹೆಪ್ಪೂ ಹಲವು ಕಡೆ ಕರುವಿನ ಹೊಟ್ಟೆಯದು. ಅಷ್ಟು ಕಟ್ಟುನಿಟ್ಟಿನವರಾದರೆ ಬುತ್ತಿ ಕಟ್ಟಿಕೊಂಡು ಹೋಗುವುದೇ ವಾಸಿ. ಇನ್ನೊಂದು ತಮಾಷೆ ಕೇಳಿ. ಕಾರ್ಡಿನಲ್ಲಿ 'ಸೆರ್ವೆಲ್ ದ ಕನ್ಯೂ' ಎಂದಿದ್ದನ್ನು ಫೋನು 'ರೇಷ್ಮೆ ನೇಕಾರನ ಮಿದುಳು' ಎಂದು ತೋರಿಸಿತು, ಅಯ್ಯೋ ಶಿವನೇ ಅಂತ ಬಿಟ್ಟೆವು. ಅದು ಗಟ್ಟಿ ಮೊಸರಿನಂಥ ಹಸಿ ಚೀಸಿಗೆ ಬೆಳ್ಳುಳ್ಳಿ, ಸಣ್ಣೀರುಳ್ಳಿ, ಸೊಪ್ಪು ಕಲಸಿದ್ದು. ಹೆಪ್ಪಿನ ವಿಷಯ ಒಂದು ಬಿಟ್ಟರೆ, ಇಡೀ ಕಾರ್ಡಿನಲ್ಲಿ ಅತ್ತೆ ನೆಮ್ಮದಿಯಾಗಿ ತಿನ್ನಬಹುದಾಗಿದ್ದದ್ದು ಅದೊಂದೇ.

ಸರ್ವೀಸ್ ದುಡ್ಡಿನ ಬಗ್ಗೆ ಅಲ್ಲಿನ ಸರ್ಕಾರದ 'ಸಿಗ್ನಲ್ ಕೋನ್ಸೋ' ಜಾಲತಾಣದಲ್ಲಿ ಬಿಲ್ಲಿನ ಫೋಟೊ ಸಮೇತ ದೂರು ಹಾಕಿದ್ದೇವೆ. ಸೂಪಿನ ವಿಷಯ ಬರೆಯಲು ಮಾತ್ರ ಅತ್ತೆ ಬಿಟ್ಟಿರಲಿಲ್ಲ, ಮನೆಯಲ್ಲೂ ಯಾರಿಗೂ ಹೇಳಕೂಡದು ಎಂದು ಆಣೆ ಹಾಕಿಸಿದ್ದರು. ಮೊನ್ನೆ ಮೈಸೂರಿನಿಂದ ಫೋನ್ ಮಾಡಿದರು. ಭಜನಾ ಮಂಡಳಿಯ ಆರು ಜನ ಯುರೋಪ್ ಪ್ಯಾಕೇಜಿಗೆ ದುಡ್ಡು ಕಟ್ಟಿದ್ದಾರಂತೆ. "ಹೋಟೆಲ್ ಹೆಸರು ಹಾಕ್ಬೇಡ, ನನ್ನ ಹೆಸರಂತೂ ಹಾಕ್ಲೇಬೇಡ. ಆದ್ರೆ ಬರಿಯಮ್ಮ" ಅಂದರು.