ಮಷೀನು ಸರಿ, ಪಟ್ಟಿ ಗಿಡ್ಡ: ಮೂರು ವರ್ಷ ಬಿಪಿ ನೋಡಿಕೊಂಡ ಮೇಲೆ

ಬಿಪಿ ಮಷೀನು ತಂದ ಮೊದಲ ತಿಂಗಳು ಮೇಲಿನ ಅಂಕಿ ನಾನು ನೋಡಿದ್ದು ಬರೀ 156, 158, 161. ಮಾತ್ರೆ ಒಂದು ದಿನವೂ ತಪ್ಪಿಸಿರಲಿಲ್ಲ. ಹೆದರಿ, ನೆಂಟರು ಹೇಳಿದ್ದನ್ನೆಲ್ಲ ಮಾಡಿದೆ. ಬೆಳಿಗ್ಗೆ ಖಾಲಿ ಹೊಟ್ಟೆಗೆ ಎರಡು ಎಸಳು ಹಸಿ ಬೆಳ್ಳುಳ್ಳಿ, ಸಂಜೆ ನುಗ್ಗೆಸೊಪ್ಪಿನ ಕಷಾಯ. ಬಾಯಿ ನಾತ ಬಂತೇ ಹೊರತು ಅಂಕಿ ಇಳಿಯಲಿಲ್ಲ.

ಗೆಳೆಯರೊಬ್ಬರು ಸರ್ಪಗಂಧದ ಬೇರಿನ ಪುಡಿಯನ್ನೂ ತಂದುಕೊಟ್ಟರು. ಅದೇನು ಸುಮ್ನೆ ಸೊಪ್ಪುಸದೆಯಲ್ಲ. ಮುಂಬೈನ ಡಾ. ರುಸ್ತುಂ ಜಾಲ್ ವಕೀಲ್ ಬಿಪಿಗೆ ಅದನ್ನು ಕೊಟ್ಟು ನೋಡಿ, 1949ರಲ್ಲೇ ಬ್ರಿಟಿಷ್ ಹಾರ್ಟ್ ಜರ್ನಲ್‌ನಲ್ಲಿ ಬರೆದಿದ್ದರು. ರೆಸರ್ಪಿನ್ ಅನ್ನುವ ಔಷಧ ಬಂದದ್ದು ಅದೇ ಬೇರಿನಿಂದ. ಕೆಲಸ ಮಾಡುವ ಬೇರು ಅಂತಲೇ ನನಗೆ ಭಯ. ಮಾತ್ರೆಯ ಜೊತೆ ಸೇರಿದರೆ ಬಿಪಿ ತೀರಾ ಕುಸಿಯಬಹುದು, ಖಿನ್ನತೆಯೂ ಬರಬಹುದು. ಡಬ್ಬಿಯ ಮುಚ್ಚಳ ತೆಗೆಯಲಿಲ್ಲ.

ಕೊನೆಗೆ ಮಷೀನನ್ನೇ ಹೊತ್ತುಕೊಂಡು ಡಾಕ್ಟರ ಹತ್ತಿರ ಹೋದೆ. ಅವರು ಪರದೆ ನೋಡಲಿಲ್ಲ, ನನ್ನ ತೋಳು ನೋಡಿದರು. ಟೇಪು ಸುತ್ತಿದರೆ 36 ಸೆಂ.ಮೀ. ಮಷೀನಿನ ಜೊತೆ ಬಂದ, ತೋಳಿಗೆ ಸುತ್ತುವ ಪಟ್ಟಿ 32ರವರೆಗೆ ಮಾತ್ರ. ತೋಳಿಗೆ ಪಟ್ಟಿ ಚಿಕ್ಕದಾದರೆ ಇರುವುದಕ್ಕಿಂತ ಜಾಸ್ತಿ ತೋರಿಸುತ್ತದೆ. ಇಷ್ಟು ಮುಖ್ಯ ಮಾತನ್ನು ಪಟ್ಟಿಯ ಅಂಚಿನಲ್ಲಿ ಇರುವೆ ಸಾಲಿನಂಥ ಅಕ್ಷರದಲ್ಲಿ ಹಾಕಿದ್ದಾರೆ! ದೊಡ್ಡ ಪಟ್ಟಿಗೆ ಬೇರೆ ದುಡ್ಡು. ಪಿಂಚಣಿಯಲ್ಲಿ ಬದುಕುವವನಿಗೆ ಸಿಟ್ಟು ಬರುತ್ತೆ ಅಲ್ವಾ?

ಹೊಸ ಪಟ್ಟಿಯಲ್ಲಿ 145ರ ಆಸುಪಾಸು ಬಂತು. ಮನೆಯಲ್ಲಿ ನೋಡಿದರೆ 135/85ರ ಒಳಗಿರಬೇಕು, ಹಾಗಾಗಿ ಇದೂ ಜಾಸ್ತಿಯೇ. ಆದರೆ ನಂಬಬಹುದಾದ ಜಾಸ್ತಿ.

ಅಲ್ಲಿಂದ ನನಗೂ ಮಷೀನಿಗೂ ರಾಜಿಯಾಯಿತು. ಬೆಳಿಗ್ಗೆ ಬಚ್ಚಲಿಗೆ ಹೋಗಿ ಬಂದು, ಕಾಫಿಗೂ ಮಾತ್ರೆಗೂ ಮೊದಲೇ ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂರುತ್ತೇನೆ. ಬೆನ್ನು ಒರಗಿಸಿ, ಎರಡೂ ಪಾದ ನೆಲಕ್ಕೆ ಊರಿ, ಐದು ನಿಮಿಷ ಸುಮ್ಮನೆ. ಕೈ ಎದೆಯ ಮಟ್ಟಕ್ಕೆ ಬರಲೆಂದು ಮೇಜಿನ ಮೇಲೆ ಟವೆಲ್ ಮಡಚಿಡುತ್ತೇನೆ. ಪಟ್ಟಿ ಊದುವಾಗ ಮಾತಾಡುವ ಹಾಗಿಲ್ಲ. ಹೆಂಡತಿ ಸರಿಯಾಗಿ ಆಗಲೇ, "ಏನೂಂದ್ರೆ, ಹಾಲಿನವನಿಗೆ ದುಡ್ಡು ಕೊಟ್ರಾ?" ಅನ್ನುತ್ತಾಳೆ. ಒಂದು ನಿಮಿಷ ಬಿಟ್ಟು ಇನ್ನೊಮ್ಮೆ ನೋಡಿ, ಎರಡನ್ನೂ ಹಾಲಿನ ಲೆಕ್ಕದ ಪುಸ್ತಕದ ಹಿಂಬದಿಯಲ್ಲಿ ಬರೆಯುತ್ತೇನೆ.

ಆ ಪುಸ್ತಕ ನೋಡಿಯೇ ಡಾಕ್ಟರು ಊಟದ ವಿಷಯಕ್ಕೆ ಬಂದರು. ನಾನು ಸಾಗರದವನು. ರಾತ್ರಿ ಗಂಜಿಗೆ ಎರಡು ಅಪ್ಪೆಮಿಡಿ ಉಪ್ಪಿನಕಾಯಿ ಇರಲೇಬೇಕು, ಮೇಲೆ ಹಪ್ಪಳ. ಇಡೀ ದಿನಕ್ಕೆ ಉಪ್ಪು 5 ಗ್ರಾಂ ದಾಟಬಾರದು, ಅಂದರೆ ಒಂದೇ ಟೀ ಚಮಚ. ನನ್ನ ಗಂಜಿ ಊಟವೇ ಅದರಲ್ಲಿ ದೊಡ್ಡ ಪಾಲು ತಿನ್ನುತ್ತಿತ್ತು. ಸೋಡಿಯಂ ಕಡಿಮೆ ಇರುವ ಉಪ್ಪು ತರಲಾ ಅಂದೆ. ಅದರಲ್ಲಿ ಪೊಟ್ಯಾಸಿಯಂ ಇರುತ್ತದೆ, ಮೊದಲು ಕಿಡ್ನಿ ಪರೀಕ್ಷೆ ಆಗಲಿ ಅಂದರು. ಮಿಡಿಯ ಭರಣಿ ಅಟ್ಟಕ್ಕೆ ಹೋಯಿತು. ಸಂಜೆ ಅರ್ಧ ಗಂಟೆ ನಡಿಗೆ ಶುರುವಾಯಿತು. ಮಾತ್ರೆ ಬಿಡಲಿಲ್ಲ. ನಾಲ್ಕು ತಿಂಗಳಿಗೆ ಪುಸ್ತಕದಲ್ಲಿ 132, 130 ಕಾಣತೊಡಗಿತು.

ಈಗ ಮಷೀನಿಗೆ ಐದರಲ್ಲಿ ನಾಲ್ಕು ನಕ್ಷತ್ರ. ಒಂದು ಕಡಿಮೆ ಮಾಡಿದ್ದು ಆ ಇರುವೆ ಅಕ್ಷರಕ್ಕೆ. ದೊಡ್ಡ ಪಟ್ಟಿಯ ವೆಲ್ಕ್ರೋ ಹೋದ ತಿಂಗಳಿಂದ ಊದುವಾಗಲೇ ಚರ್ ಅಂತ ಬಿಚ್ಚಿಕೊಳ್ಳುತ್ತಿದೆ. ಇನ್ನೊಂದು ತರಿಸಬೇಕು.