ವಾಟ್ಸಾಪ್, ಸಿಗ್ನಲ್, ಟೆಲಿಗ್ರಾಂ: ಯಾವುದು ಯಾರಿಗೆ?

ಮೂರರಲ್ಲಿ ಯಾವುದು ಇಟ್ಕೊಳ್ಳಲಿ ಅಂತ ಕೇಳಿದ್ದೀರಿ. ಮೂರನ್ನೂ ದುಡ್ಡು ಕೊಡದೆ ಬಳಸಬಹುದು, ಆ ಮಾತು ಬಿಡೋಣ.

ಮುಖ್ಯವಾದದ್ದು ಗುಟ್ಟು. ಟೆಲಿಗ್ರಾಂ ತುಂಬಾ ಸೇಫ್ ಅಂತ ಜನ ನಂಬಿದ್ದಾರೆ, ನನಗೆ ಬೇಜಾರಾಗೋದು ಅಲ್ಲೇ. ಅದರ ಮಾಮೂಲಿ ಚಾಟ್ ಕಂಪನಿಯ ಸರ್ವರ್‌ನಲ್ಲಿ ಕೂತಿರುತ್ತದೆ. ಕಳಿಸಿದವರು, ಪಡೆದವರು ಮಾತ್ರ ಓದುವಂಥ ಬೀಗ ಬೇಕಿದ್ದರೆ 'ಸೀಕ್ರೆಟ್ ಚಾಟ್' ಬೇರೆಯಾಗಿ ತೆರೆಯಬೇಕು. ಗ್ರೂಪುಗಳಿಗೆ ಅದೂ ಇಲ್ಲ. ವಾಟ್ಸಾಪ್ 2016ರಿಂದ ಖಾಸಗಿ ಚಾಟು, ಗ್ರೂಪು ಎರಡಕ್ಕೂ ತಾನಾಗಿಯೇ ಈ ಬೀಗ ಹಾಕುತ್ತದೆ. ಆ ತಂತ್ರ ಸಿಗ್ನಲ್‌ನವರದ್ದೇ. ಆದರೆ ನೀವು ಯಾವಾಗ, ಹೇಗೆ ಆ್ಯಪ್ ಬಳಸಿದಿರಿ ಎಂಬಂಥ ವಿವರ ವಾಟ್ಸಾಪ್‌ನ ಮಾಲೀಕ ಕಂಪನಿ ಮೆಟಾ ಕೈ ಸೇರುತ್ತದೆ. ಸಿಗ್ನಲ್ ಕೋರ್ಟ್ ಕೇಳಿದಾಗಲೂ ಕೊಡಲು ಸಾಧ್ಯವಾಗಿದ್ದು ಎರಡೇ: ಖಾತೆ ತೆರೆದ ಸಮಯ, ಕೊನೆಯ ಸಲ ಸಂಪರ್ಕಕ್ಕೆ ಬಂದ ದಿನ.

ಬಳಕೆಯಲ್ಲಿ ವಾಟ್ಸಾಪ್ ಸುಲಭ, ಯಾಕಂದ್ರೆ ಎಲ್ಲರೂ ಅಲ್ಲೇ ಇದ್ದಾರೆ. ನಮ್ಮಮ್ಮ ಶುಗರ್ ರಿಪೋರ್ಟ್ ಫೋಟೋ ಹೊಡೆದು ಕಳಿಸೋದೂ ಅದರಲ್ಲೇ. ಅವರಿಗೆ ಹೊಸ ಆ್ಯಪ್ ಕಲಿಸುವ ಬದಲು ಸೆಟ್ಟಿಂಗ್ಸ್‌ನಲ್ಲಿ ಚಾಟ್ ಬ್ಯಾಕಪ್ ತೆರೆದು, ಅದಕ್ಕೂ ಪಾಸ್‌ವರ್ಡ್ ಇಟ್ಟುಕೊಟ್ಟೆ. ಇಲ್ಲದಿದ್ದರೆ ಬ್ಯಾಕಪ್‌ಗೆ ಆ ಬೀಗ ಇರೋದಿಲ್ಲ.

ಮನೆಯವರ ಮಾತುಕತೆಗೆ ವಾಟ್ಸಾಪ್ ಸಾಕು. ನೀವು ಪತ್ರಕರ್ತರೋ, ವಕೀಲರೋ ಆಗಿದ್ದರೆ ಸಿಗ್ನಲ್ ಹಾಕಿಕೊಳ್ಳಿ. ಪರೀಕ್ಷೆ ನೋಟ್ಸು, ಎರಡು ಲಕ್ಷ ಜನರ ಗ್ರೂಪು ಅಂದ್ರೆ ಟೆಲಿಗ್ರಾಂ ಸರಿ; ಆಧಾರ್ ಪ್ರತಿ ಮಾತ್ರ ಅಲ್ಲಿ ಹಾಕಬೇಡಿ.