ನಮ್ಮ ಬೀದಿಗೆ ಹಾಕಿಸಿದ ನಾಲ್ಕು ಕ್ಯಾಮೆರಾ: ಎಂಟು ತಿಂಗಳ ಅನುಭವ

ನಮ್ಮ ಮನೆ ಬಳ್ಳಾರಿಯ ಸತ್ಯನಾರಾಯಣಪೇಟೆಯಲ್ಲಿ. ಕಳೆದ ವರ್ಷ ಒಂದು ದಿನ ಬೆಳಿಗ್ಗೆ ಆರಕ್ಕೆ ಎದುರು ಮನೆ ಅಕ್ಕ ರಂಗೋಲಿ ಹಾಕ್ತಿದ್ದರು. ಬೈಕಿನಲ್ಲಿ ಬಂದ ಇಬ್ಬರು ಅವರ ಸರ ಕಿತ್ತುಕೊಂಡು ಹೋದರು. ನಾನು ಓಡಿ ಹೋದಾಗ ಅಕ್ಕನ ಕತ್ತಿನ ಮೇಲೆ ಕೆಂಪು ಗೆರೆ ಎದ್ದಿತ್ತು, ರಂಗೋಲಿ ಡಬ್ಬಿ ಇನ್ನೂ ಕೈಯಲ್ಲೇ ಇತ್ತು. 112ಕ್ಕೆ ಫೋನ್ ಮಾಡಿದೆವು. ಬಂದ ಪೊಲೀಸರು ಮೊದಲು ಕೇಳಿದ್ದು, "ಬೀದಿಯಲ್ಲಿ ಎಲ್ಲಾದರೂ ಕ್ಯಾಮೆರಾ ಇದೆಯಾ?" ಒಂದಿತ್ತು. ಅದರಲ್ಲಿ ಆ ಮನೆಯವರ ಕಾರು ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ.

ಆಮೇಲೆ ಹನ್ನೊಂದು ಮನೆಯವರು ತಲಾ 2,500 ರೂಪಾಯಿ ಹಾಕಿದೆವು. 2 ಮೆಗಾಪಿಕ್ಸೆಲ್‌ನ ನಾಲ್ಕು ಕ್ಯಾಮೆರಾ, ಒಂದು ಡಿವಿಆರ್ (ರೆಕಾರ್ಡ್ ಮಾಡುವ ಪೆಟ್ಟಿಗೆ), 1 ಟಿಬಿ ಹಾರ್ಡ್ ಡಿಸ್ಕ್, ವೈರು, ಕೂಲಿ ಎಲ್ಲ ಸೇರಿ ಅಷ್ಟರಲ್ಲೇ ಮುಗಿಯಿತು.

ಹಗಲಿನ ಚಿತ್ರ ಚೆನ್ನಾಗಿದೆ. ಆದರೆ ಅಂಗಡಿ ಹುಡುಗ ಕ್ಯಾಮೆರಾಗಳನ್ನು ಎರಡನೇ ಮಹಡಿ ಎತ್ತರಕ್ಕೆ ಕೂರಿಸಿ ಹೋಗಿದ್ದ. ಬೀದಿ ಪೂರ್ತಿ ಕಾಣುತ್ತಿತ್ತು, ಜನರದ್ದು ಮಾತ್ರ ಬರೀ ನೆತ್ತಿ. ಮತ್ತೆ ಕರೆಸಿ ಹತ್ತು ಅಡಿಗೆ ಇಳಿಸಿದ ಮೇಲೆ ಮುಖ ಕಾಣತೊಡಗಿತು. ನೀವು ಹಾಕಿಸುವಾಗ ಒಬ್ಬರನ್ನು ಬೀದಿಯಲ್ಲಿ ನಡೆಸಿ, ಮೊಬೈಲಿನಲ್ಲಿ ಅವರ ಮುಖ ನೋಡಿ, ಆಮೇಲೆ ದುಡ್ಡು ಕೊಡಿ.

ಮೂರು ತಿಂಗಳ ಹಿಂದೆ ಮೂಲೆ ಮನೆಯ ಬೈಕ್ ಕಳುವಾಯಿತು. ರೆಕಾರ್ಡಿಂಗ್ ನೋಡಲು ಪೊಲೀಸರು ಬಂದರು. ಆಗಲೇ ಗೊತ್ತಾಗಿದ್ದು, ಡಿವಿಆರ್ ಗಡಿಯಾರ 17 ನಿಮಿಷ ಮುಂದಿದೆ ಅಂತ! ಹಾಲಿನವನು ಬರುವ ಹೊತ್ತಿಗೆ ತಾಳೆ ಹಾಕಿ ನೋಡಿ ಸಮಯ ಹಿಡಿದೆವು. ಕೋರ್ಟಿಗೆ ಕೊಡುವ ರೆಕಾರ್ಡಿಂಗ್ ಜೊತೆ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಪ್ರಮಾಣಪತ್ರವೂ ಬೇಕಂತೆ. ಹಾಗಾಗಿ ಈಗ ಪ್ರತಿ ಭಾನುವಾರ ನಾನೇ ಮೊಬೈಲ್ ಹಿಡಿದು ಟೈಮ್ ಹೊಂದಿಸ್ತೀನಿ.

ರಾತ್ರಿ ಕ್ಯಾಮೆರಾದ ಬೆಳಕಿಗೆ ಹುಳ ಬರುತ್ತವೆ, ಹುಳಕ್ಕೆ ಜೇಡ ಬರುತ್ತದೆ. ಬಲೆ ಕಟ್ಟಿತೆಂದರೆ ಚಿತ್ರವೆಲ್ಲ ಬೆಳ್ಳಗೆ. ಹಳೇ ಪೊರಕೆಯನ್ನು ಕೋಲಿಗೆ ಕಟ್ಟಿಟ್ಟಿದ್ದೇವೆ, ಮನೆಗೊಂದು ವಾರ ಪಾಳಿ. ಕರೆಂಟು ಹೋದರೆ ಎಲ್ಲ ಬಂದ್ ಆಗುತ್ತಿತ್ತು, ಅದಕ್ಕೆ ಸಣ್ಣ ಯುಪಿಎಸ್ ತಂದೆವು. ಮೊದಲೇ ತರಬೇಕಿತ್ತು.

ರಾತ್ರಿ ಬೈಕಿನ ನಂಬರ್ ಪ್ಲೇಟ್ ಓದಲು ಮಾತ್ರ ಆಗುವುದೇ ಇಲ್ಲ, ಹೆಡ್‌ಲೈಟು ಕಣ್ಣಿಗೆ ಹೊಡೆಯುತ್ತದೆ. ಅದಕ್ಕೇ ಐದಕ್ಕೆ ಮೂರೂವರೆ ಕೊಡ್ತೀನಿ. ಆದರೂ ಮಗಳು ಟ್ಯೂಷನ್ ಮುಗಿಸಿ ಎಂಟೂವರೆಗೆ ಬರುವಾಗ ಬೀದಿ ತಿರುವಿನಿಂದ ಮನೆವರೆಗೂ ಅವಳನ್ನು ಮೊಬೈಲಿನಲ್ಲಿ ನೋಡ್ತಾ ಇರ್ತೀನಿ. ತಿರುವಿನ ಬೀದಿದೀಪ ಕೆಟ್ಟಿದೆ. ಪಾಲಿಕೆಗೆ ಎರಡನೇ ಅರ್ಜಿ ಬರೆದಿದ್ದೇವೆ, ಹನ್ನೊಂದು ಮನೆಯವರದ್ದೂ ಸಹಿ ಇದೆ. ಅಕ್ಕನದೇ ಮೊದಲ ಸಹಿ.